ಸಾವಿರ ರೂಪಾಯಿಯೊಳಗೆ ಒಳ್ಳೆಯ ಎಲ್‌ಇಡಿ ಟಾರ್ಚ್: ಆರಿಸುವುದು, ಪರೀಕ್ಷಿಸುವುದು, ಬಾಳಿಸುವುದು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದರೆ ಟಾರ್ಚಿಗೆ ಬರವಿಲ್ಲ. ಪ್ಲಾಸ್ಟಿಕ್ ಚಾರ್ಜಿಂಗ್ ಲೈಟಿನಿಂದ ಹಿಡಿದು ಅಲ್ಯೂಮಿನಿಯಂ ಟಾರ್ಚಿನವರೆಗೆ ಎಲ್ಲವೂ ಸಾಲಾಗಿ ನೇತಾಡುತ್ತಿರುತ್ತವೆ. ಡಬ್ಬಿಯ ಮೇಲಿನ ಅಂಕಿ ಓದಿದರೆ ತಲೆ ತಿರುಗಬೇಕು. ಒಂದು ಲಕ್ಷ ಲ್ಯೂಮೆನ್ (ಬೆಳಕಿನ ಅಳತೆ). 2 ಕಿಲೋಮೀಟರ್ ಬೆಳಕು. 9900 ಎಂಎಎಚ್ ಸೆಲ್. ಸಾವಿರ ರೂಪಾಯಿಯೊಳಗಿನ, ಅಂಗೈಯಲ್ಲಿ ಹಿಡಿಯುವ, ಒಂದೇ ಸೆಲ್ಲಿನ ಟಾರ್ಚಿಗೆ ಈ ಮೂರರಲ್ಲಿ ಒಂದೂ ಸಾಧ್ಯವಿಲ್ಲ. ಆದರೆ ಅದೇ ಸಾಲಿನಲ್ಲಿ, ಅದೇ ಬೆಲೆಗೆ, ನಿಜಕ್ಕೂ ಚೆನ್ನಾಗಿರುವ ಟಾರ್ಚ್ ಕೂಡ ಒಂದೆರಡು ಇರುತ್ತವೆ. ಅವನ್ನು ಗುರುತಿಸುವುದು ಕಷ್ಟದ ಕೆಲಸವಲ್ಲ.

ನನ್ನ ಮಾತು ಇಷ್ಟೇ. ಟಾರ್ಚನ್ನು ಅದರ ಅತಿ ಜಾಸ್ತಿ ಬೆಳಕಿನಿಂದ ಅಳೆಯಬೇಡಿ. ಅದರ ಕಡಿಮೆ ಬೆಳಕು ಹೇಗಿದೆ, ಒಳಗಿನ ಸೆಲ್ ಎಂಥದು, ಈ ಎರಡನ್ನು ನೋಡಿ. ದಿನಾ ಕೆಲಸಕ್ಕೆ ಬರುವುದು ಇವೇ.

ಫೋನಿನಲ್ಲೇ ಟಾರ್ಚ್ ಇದೆಯಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. ಇದೆ, ಬಿದ್ದ ಕೀಲಿ ಹುಡುಕಲು ಅದು ಸಾಕು. ಆದರೆ ಫೋನಿನ ಬೆಳಕಿಗೆ ಹಿಂದೆ ಪ್ರತಿಫಲಕ ಇರುವುದಿಲ್ಲ. ಬೆಳಕು ಹರಡಿ ಹೋಗುತ್ತದೆ, ಹತ್ತು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ. ಮಳೆಯಲ್ಲಿ, ಕೆಸರಿನಲ್ಲಿ ಹದಿನೈದು ಸಾವಿರದ ಫೋನ್ ಹಿಡಿದು ನಡೆಯುವುದಕ್ಕಿಂತ ಐನೂರರ ಟಾರ್ಚ್ ಹಿಡಿಯುವುದು ಒಳ್ಳೆಯದು, ಅಲ್ವಾ?

ಹಂತ 1: ಯಾವ ಕೆಲಸಕ್ಕೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಮಲಗಿದ ಮಗು ಏಳಬಾರದು, ನೀವು ಮಾತ್ರ ಎದ್ದು ಬಚ್ಚಲಿಗೆ ಹೋಗಿ ಬರಬೇಕು. ಇದಕ್ಕೆ 1 ಲ್ಯೂಮೆನ್ ಸಾಕು. ಹೌದು, ಒಂದೇ ಒಂದು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅಷ್ಟು ಧಾರಾಳ. ಕರೆಂಟ್ ಹೋದಾಗ ಟಾರ್ಚನ್ನು ನೆಟ್ಟಗೆ ನಿಲ್ಲಿಸಿ ಬೆಳಕನ್ನು ಸೀಲಿಂಗ್ ಕಡೆ ಬಿಟ್ಟರೆ 100ರಿಂದ 150 ಲ್ಯೂಮೆನ್‌ನಲ್ಲಿ ಅಡುಗೆಮನೆ ಪೂರ್ತಿ ಕಾಣುತ್ತದೆ, ಸಾರು ಕುದಿಸಬಹುದು. ಸೀಲಿಂಗ್ ಬಿಳಿ ಇರಬೇಕು ಅಷ್ಟೇ. ಕೊಳ್ಳುವಾಗಲೇ ಟಾರ್ಚಿನ ಹಿಂಭಾಗ ಸಪಾಟಾಗಿದೆಯೇ ನೋಡಿ. ಕೆಲವಕ್ಕೆ ಸ್ವಿಚ್ ಹೊರಗೆ ಉಬ್ಬಿರುತ್ತದೆ, ಅವು ನೆಟ್ಟಗೆ ನಿಲ್ಲುವುದಿಲ್ಲ.

ಹೊಲದ ಕೆಲಸ ಬೇರೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಹೊಲಕ್ಕೆ ಹೋಗಲೇಬೇಕು. ತೊಗರಿ ಎದೆಮಟ್ಟ ಬೆಳೆದಿರುತ್ತದೆ, ಬದುವಿನ ಮೇಲೆ ಹುಲ್ಲು, ಎರೆ ಭೂಮಿಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು. ಇಲ್ಲಿ ಎರಡು ಬಗೆಯ ಬೆಳಕು ಬೇಕು. ಕಾಲ ಕೆಳಗೆ ಅಗಲವಾಗಿ ಬೀಳುವ ಬೆಳಕು, ಮತ್ತು ಕಾಡುಹಂದಿ ಬಂದಿದೆಯಾ ಅಂತ ಹೊಲದ ಆ ತುದಿ ನೋಡಲು ದೂರ ಹೋಗುವ ಬೆಳಕು. ನಡುವೆ ಪ್ರಕಾಶದ ಬೊಟ್ಟು, ಸುತ್ತ ಮೆದು ಬೆಳಕಿನ ವರ್ತುಲ ಬೀಳುವ ಪ್ರತಿಫಲಕದ ಟಾರ್ಚ್ ಈ ಎರಡೂ ಕೆಲಸ ಮಾಡುತ್ತದೆ. 200ರಿಂದ 300 ಲ್ಯೂಮೆನ್ ಸಾಕು.

ತಲೆಯನ್ನು ಹಿಂದೆ ಮುಂದೆ ಎಳೆದು ಬೆಳಕು ದೊಡ್ಡದು ಚಿಕ್ಕದು ಮಾಡುವ ಝೂಮ್ ಟಾರ್ಚ್ ನನಗೆ ಅಷ್ಟು ಇಷ್ಟವಿಲ್ಲ. ಪೂರ್ತಿ ಝೂಮ್ ಮಾಡಿದರೆ ಎಲ್‌ಇಡಿಯ ಚೌಕಾಕಾರವೇ ಗೋಡೆಯ ಮೇಲೆ ಬೀಳುತ್ತದೆ, ಅಕ್ಕಪಕ್ಕ ಪೂರ್ತಿ ಕತ್ತಲು. ಆ ಸ್ಥಿತಿಯಲ್ಲಿ ಎಲ್‌ಇಡಿಯಿಂದ ಹೊರಟ ಬೆಳಕಿನಲ್ಲಿ ಬಹಳಷ್ಟು ಲೆನ್ಸಿಗೆ ಸಿಗದೆ ಒಳಗೇ ಕಳೆದುಹೋಗುತ್ತದೆ. ಜಾರುವ ತಲೆಯಾದ್ದರಿಂದ ನೀರು, ದೂಳು ಒಳಗೆ ಹೋಗುವುದೂ ಸುಲಭ.

ಬೀದರ್ ಕಡೆಯವರಿಗೆ ಇನ್ನೊಂದು ಮಾತು. ನೌಬಾದಿನ ಸುರಂಗ ಬಾವಿಯಂಥ ಜಾಗದಲ್ಲಿ ದೂರ ಹೋಗುವ ಬೆಳಕಿಗಿಂತ ಅಗಲ ಬೆಳಕೇ ಮೇಲು. ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇರುವಾಗ ಸೂಜಿಯಂಥ ಬೆಳಕು ಕಣ್ಣಿಗೇ ವಾಪಸ್ ಹೊಡೆಯುತ್ತದೆ. ನರಸಿಂಹ ಝರಣಿ ಗುಹಾ ದೇವಾಲಯದಲ್ಲಿ ಎದೆಮಟ್ಟದ ನೀರಿನೊಳಗೆ ನಡೆಯುವಾಗ ಜೊತೆಗೆ ಟಾರ್ಚ್ ಇರಲಿ ಅನ್ನುವವರು ಐಪಿಎಕ್ಸ್7 ಅಂತ ಬರೆದದ್ದನ್ನೇ ಹುಡುಕಿ. ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ಕೆಡಬಾರದು. ಐಪಿಎಕ್ಸ್4 ಅಂದರೆ ಸಿಡಿಯುವ ಹನಿಗೆ, ಮಳೆಗೆ ತಡೆಯುತ್ತದೆ ಅಷ್ಟೇ, ಮುಳುಗಿಸುವಂತಿಲ್ಲ.

ಹಂತ 2: ಡಬ್ಬಿಯ ಮೇಲಿನ ಲೆಕ್ಕ ಬಿಡಿಸಿ

ಲ್ಯೂಮೆನ್ ಅಂದರೆ ಟಾರ್ಚ್ ಹೊರಗೆ ಬಿಡುವ ಒಟ್ಟು ಬೆಳಕು. ಇಂದಿನ ಒಳ್ಳೆಯ ಎಲ್‌ಇಡಿ 1 ವ್ಯಾಟ್ ವಿದ್ಯುತ್ತಿಗೆ ಸುಮಾರು 100ರಿಂದ 150 ಲ್ಯೂಮೆನ್ ಕೊಡುತ್ತದೆ. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಯಾವ ಡಬ್ಬಿಯೂ ನಿಮ್ಮನ್ನು ಮೋಸ ಮಾಡಲಾರದು.

10,000 ಲ್ಯೂಮೆನ್ ಅಂತ ಬರೆದಿದೆ ಅಂದುಕೊಳ್ಳಿ. ಅದಕ್ಕೆ ಕನಿಷ್ಠ 70 ವ್ಯಾಟ್ ಬೇಕು. ಒಳಗೆ ಇರುವುದು ಬೆರಳಿನಷ್ಟುದ್ದದ ಒಂದು ಲಿಥಿಯಂ ಸೆಲ್. ಒಳ್ಳೆಯ ಕಂಪನಿಯ ಅಂಥ ಸೆಲ್ಲಿನಲ್ಲಿ ತುಂಬಿರುವ ಶಕ್ತಿ ಸುಮಾರು 12 ವ್ಯಾಟ್ ಅವರ್. 70ರ ಲೆಕ್ಕದಲ್ಲಿ ಖರ್ಚು ಮಾಡಿದರೆ ಹತ್ತು ನಿಮಿಷಕ್ಕೆ ಖಾಲಿ. ಅದಕ್ಕಿಂತ ಮೊದಲೇ ಟಾರ್ಚ್ ಕೈಯಲ್ಲಿ ಹಿಡಿಯಲಾರದಷ್ಟು ಸುಡುತ್ತದೆ. ಅದೇ 12 ವ್ಯಾಟ್ ಅವರ್‌ನಲ್ಲಿ 100 ಲ್ಯೂಮೆನ್ ಬೆಳಕು ಹತ್ತು ಗಂಟೆ ಆಸುಪಾಸು ಬರುತ್ತದೆ. ಒಂದು ರಾತ್ರಿ ಪೂರ್ತಿ ಆಯಿತು.

ಕಣ್ಣಿನ ಸ್ವಭಾವವೂ ಇಲ್ಲಿ ನಮ್ಮ ಪರವಾಗಿದೆ. ಬೆಳಕು ದುಪ್ಪಟ್ಟಾದರೆ ಕಣ್ಣಿಗೆ ದುಪ್ಪಟ್ಟು ಅನ್ನಿಸುವುದಿಲ್ಲ, ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ನಾಲ್ಕು ಪಟ್ಟು ಬೇಕು. ಹಾಗಾಗಿ 300 ಲ್ಯೂಮೆನ್ ಬಿಟ್ಟು 400ರದ್ದು ಕೊಳ್ಳಲು ಇನ್ನೂರು ರೂಪಾಯಿ ಜಾಸ್ತಿ ಕೊಡುವುದು ದಂಡ.

ದೂರದ ಲೆಕ್ಕದಲ್ಲೂ ಒಂದು ಗುಟ್ಟು ಇದೆ. ಒಳ್ಳೆಯ ಕಂಪನಿಗಳು ಎಎನ್‌ಎಸ್‌ಐ ಎಫ್‌ಎಲ್1 ಎಂಬ ಅಮೆರಿಕದ ಮಾನದಂಡದ ಪ್ರಕಾರ ಅಳೆಯುತ್ತವೆ. ಅದು ಬಂದದ್ದು 2009ರಲ್ಲಿ. ಅದರ ಪ್ರಕಾರ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವೇ ಟಾರ್ಚ್ ತಲುಪುವ ದೂರ. 0.25 ಲಕ್ಸ್ ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. ಅಲ್ಲಿ ಏನೋ ನಿಂತಿದೆ ಅಂತ ಗೊತ್ತಾಗುತ್ತದೆ, ನಾಯಿಯೋ ಹಂದಿಯೋ ಹೇಳುವುದು ಕಷ್ಟ. ಆದ್ದರಿಂದ 200 ಮೀಟರ್ ಅಂತ ಪ್ರಾಮಾಣಿಕವಾಗಿ ಬರೆದಿದ್ದರೂ ಅರ್ಧವನ್ನೇ ನಂಬಿ. ಇನ್ನು ದೂರ ದುಪ್ಪಟ್ಟಾಗಬೇಕಾದರೆ ಕಿರಣದ ತೀವ್ರತೆ ನಾಲ್ಕು ಪಟ್ಟಾಗಬೇಕು. ಆ ತೀವ್ರತೆಯನ್ನು ಕ್ಯಾಂಡೆಲಾದಲ್ಲಿ ಅಳೆಯುತ್ತಾರೆ. 200 ಮೀಟರಿಗೆ 10,000 ಕ್ಯಾಂಡೆಲಾ, 400 ಮೀಟರಿಗೆ 40,000. 2 ಕಿಲೋಮೀಟರಿಗೆ ಎಷ್ಟು ಬೇಕು? ಹತ್ತು ಲಕ್ಷ. ಸುಮ್ನೆ ಡಬ್ಬಿ ವಾಪಸ್ ಇಡಿ.

ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದೂ ಅದೇ ಮಾನದಂಡದಲ್ಲಿ ಇದೆ. ಬೆಳಕು ಶುರುವಿನ 10 ಶೇಕಡಾಕ್ಕೆ ಇಳಿಯುವವರೆಗಿನ ಹೊತ್ತು ಅದು, ಅಷ್ಟೂ ಹೊತ್ತು ಒಂದೇ ಬೆಳಕು ಅಂತ ಅರ್ಥವಲ್ಲ.

ಹಂತ 3: ಸೆಲ್ ನೋಡಿ, ಆಮೇಲೆ ಟಾರ್ಚ್ ನೋಡಿ

ಹಣ ಉಳಿಯುವುದೂ ಹಾಳಾಗುವುದೂ ಇಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅತಿ ಅಗ್ಗದ ಚಾರ್ಜಿಂಗ್ ಟಾರ್ಚುಗಳಲ್ಲಿ ಹಲವಕ್ಕೆ ಒಳಗೆ ಸಣ್ಣ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಲು ಹಿಂದೆ ಎರಡು ಪಿನ್ ಹೊರಗೆ ಬರುತ್ತವಲ್ಲ, ಹೆಚ್ಚಾಗಿ ಅಂಥವು. ಈ ಬ್ಯಾಟರಿಯನ್ನು ಖಾಲಿ ಮಾಡಿ ಎರಡು ತಿಂಗಳು ಮೂಲೆಗಿಟ್ಟರೆ ಮುಗಿಯಿತು. ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಬಳಸಿ ದೀಪಾವಳಿಗೆ ಹುಡುಕಿದಾಗ ಸತ್ತಿರುವ ಟಾರ್ಚುಗಳ ಕಥೆ ಇದೇ. ತಂದದ್ದೇ ಆದರೆ ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ. ಇನ್ನೊಂದು ಎಚ್ಚರಿಕೆ. ಇಂಥ ಅಗ್ಗದ ಟಾರ್ಚಿನ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದು ಕಡಿಮೆ. ಒಂದು ಕೆಪಾಸಿಟರ್ ಮೂಲಕವೇ 230 ವೋಲ್ಟ್ ಇಳಿಸಿರುತ್ತಾರೆ. ಸಾಕೆಟ್ಟಿನಲ್ಲಿ ಇರುವಾಗ ಅದರ ಒಳಭಾಗ ಮುಟ್ಟಿದರೆ ನೇರ ಮೇನ್ಸ್ ಮುಟ್ಟಿದಂತೆ. ಒಡೆದ ಮೈಯ ಟಾರ್ಚನ್ನು ಚಾರ್ಜಿಗೆ ಹಾಕಲೇಬೇಡಿ, ಮಕ್ಕಳ ಕೈಗೆ ಸಿಗುವಂತೆ ಬಿಡಲೂಬೇಡಿ.

ಗೋಡೆ ಗಡಿಯಾರಕ್ಕೆ ಹಾಕುವಂಥ ಎಎ ಸೆಲ್ಲಿನ ಟಾರ್ಚ್ ವಯಸ್ಸಾದವರಿಗೆ, ಹಳ್ಳಿಯ ಮನೆಗೆ ಈಗಲೂ ಒಳ್ಳೆಯ ಆಯ್ಕೆ. ಸೆಲ್ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಎವರೆಡಿ, ನಿಪ್ಪೋ ಹೆಸರು ಗೊತ್ತಿಲ್ಲದ ಊರಿಲ್ಲ. ಬಹಳ ಬಳಸುವವರು ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ತಗೊಳ್ಳಿ. 1.2 ವೋಲ್ಟ್, 2000 ಎಂಎಎಚ್ ಆಸುಪಾಸು ಇರುತ್ತದೆ, ನೂರಾರು ಸಲ ಚಾರ್ಜ್ ಮಾಡಬಹುದು. ಒಂದು ಸೆಲ್ಲಿನಲ್ಲಿ 50 ಲ್ಯೂಮೆನ್ ಬೆಳಕು ಮೂರ್ನಾಲ್ಕು ಗಂಟೆ ಬರುತ್ತದೆ. ಸಾದಾ ಸೆಲ್ಲಿನ ದೊಡ್ಡ ದೋಷ ಸೋರುವುದು. ಅಗ್ಗದ ಜಿಂಕ್ ಕಾರ್ಬನ್ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಕರಗುತ್ತಾ ಕರೆಂಟ್ ಕೊಡುತ್ತದೆ. ಖಾಲಿಯಾದ ಹೊತ್ತಿಗೆ ಡಬ್ಬಿಯೂ ತೆಳುವಾಗಿ ತೂತು ಬಿದ್ದಿರುತ್ತದೆ. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಬೆರೆಸಬೇಡಿ. ಹೊಸದು ಹಳೆಯದನ್ನು ಸೊನ್ನೆಗಿಂತ ಕೆಳಗೆ ಎಳೆದು ಬೇಗ ಸೋರುವಂತೆ ಮಾಡುತ್ತದೆ.

ಮೂರನೆಯದು 18650 ಅನ್ನುವ ಲಿಥಿಯಂ ಸೆಲ್. ನನಗೆ ಇಷ್ಟವಾದದ್ದು ಇದೇ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಈ ಹೆಸರು. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಸೆಲ್ ಹೊರಗೆ ತೆಗೆಯಲು ಬರುವ, ಟಾರ್ಚಿನಲ್ಲೇ ಟೈಪ್ ಸಿ ಚಾರ್ಜಿಂಗ್ ಇರುವ ಟಾರ್ಚ್ ಸಿಕ್ಕರೆ ಬಿಡಬೇಡಿ. ಮೂರು ವರ್ಷಕ್ಕೆ ಸೆಲ್ ಸೋತರೆ ಸೆಲ್ ಮಾತ್ರ ಬದಲಿಸಿದರಾಯಿತು. ಸೆಲ್ ಒಳಗೇ ಬೆಸುಗೆ ಹಾಕಿದ್ದರೆ ಟಾರ್ಚೇ ಕಸ.

ಈ ಸೆಲ್ಲಿನಲ್ಲೇ ಸುಳ್ಳು ಜಾಸ್ತಿ. ಪ್ಯಾನಾಸಾನಿಕ್, ಸ್ಯಾಮ್‌ಸಂಗ್, ಎಲ್‌ಜಿಯಂಥ ಕಂಪನಿಗಳ ಒಳ್ಳೆಯ 18650 ಸೆಲ್ಲಿನ ಸಾಮರ್ಥ್ಯವೇ 3500 ಎಂಎಎಚ್ ಹತ್ತಿರಕ್ಕೆ ನಿಲ್ಲುತ್ತದೆ. 5000, 6800, 9900 ಅಂತ ಬರೆದ 18650 ಕಂಡರೆ ಅದು ಸುಳ್ಳು, ವಾದವೇ ಬೇಡ. ಅಂಥ ಸೆಲ್ಲಿನಲ್ಲಿ 1000 ಎಂಎಎಚ್ ಸಿಕ್ಕರೆ ಪುಣ್ಯ. ಪರೀಕ್ಷೆ ಸುಲಭ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯ ಮೇಲೆ ಇಡಿ. ಒಳ್ಳೆಯ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಮೂವತ್ತು ಚಿಲ್ಲರೆ ತೋರಿಸಿದರೆ ಒಳಗೆ ಸರಕು ಕಡಿಮೆ. ತೂಕ ಸರಿ ಬಂದರೂ ಪೂರ್ತಿ ನಂಬಬೇಡಿ, ಒಳಗೆ ಪುಡಿ ತುಂಬಿ ಭಾರ ಮಾಡಿದ ಸೆಲ್ಲುಗಳೂ ಸಿಕ್ಕಿವೆ. ಆಗ ಚಾರ್ಜಿಂಗ್ ಹೊತ್ತು ನೋಡಿ. 1 ಆಂಪಿಯರ್‌ನಲ್ಲಿ ಚಾರ್ಜ್ ಆಗುವ ನಿಜವಾದ 3400 ಎಂಎಎಚ್ ಸೆಲ್ ತುಂಬಲು ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಒಂದು ಗಂಟೆಯಲ್ಲಿ ಹಸಿರು ದೀಪ ಬಂದರೆ ಕಥೆ ಗೊತ್ತಾಯಿತಲ್ಲ. ಲಿಥಿಯಂ ಸೆಲ್ಲಿಗೆ ನಮ್ಮಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಐಎಸ್ 16046 ಅನ್ನುವ ಅಂಕಿ, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಸೆಲ್ಲಿನ ಮೇಲೋ ಡಬ್ಬಿಯ ಮೇಲೋ ಇದೆಯಾ ನೋಡಿ.

ಬಿಡಿ ಲಿಥಿಯಂ ಸೆಲ್ಲನ್ನು ಕೀಲಿ, ಚಿಲ್ಲರೆ ಇರುವ ಜೇಬಿನಲ್ಲಿ ಹಾಕಬಾರದು. ಎರಡೂ ತುದಿಗೆ ಲೋಹ ತಾಗಿದರೆ ಜೇಬಿನಲ್ಲೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಎಎ ಗಾತ್ರದ್ದೇ ಆದ 14500 ಅನ್ನುವ ಲಿಥಿಯಂ ಸೆಲ್ ಇದೆ. ಅದು 1.5 ವೋಲ್ಟ್ ಅಲ್ಲ, 3.7 ವೋಲ್ಟ್. ಟಾರ್ಚಿನ ಮೇಲೆ ಹಾಕಬಹುದು ಅಂತ ಬರೆದಿದ್ದರೆ ಮಾತ್ರ ಹಾಕಿ. ಗೋಡೆ ಗಡಿಯಾರಕ್ಕಂತೂ ಬೇಡವೇ ಬೇಡ.

ಹಂತ 4: ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ

ಅಂಗಡಿಯವರು ಟಾರ್ಚ್ ಹಚ್ಚಿ ನಿಮ್ಮ ಮುಖಕ್ಕೋ ಎದುರಿನ ಗೋಡೆಗೋ ಬಿಡುತ್ತಾರೆ. ಹಗಲಿನಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಟಾರ್ಚ್ ಕೈಗೆ ತಗೊಳ್ಳಿ. ಮೊದಲು ಸ್ವಿಚ್ ಒತ್ತುತ್ತಾ ಹೋಗಿ, ಎಷ್ಟು ಮೋಡ್ ಇವೆ ಎಣಿಸಿ. ಜಾಸ್ತಿ, ಮಧ್ಯಮ, ಕಡಿಮೆ ಮೂರೇ ಇದ್ದರೆ ಸಂತೋಷ. ಜೊತೆಗೆ ಮಿನುಗುವ ಮೋಡ್, ಅಪಾಯದ ಸಂಕೇತದ ಎಸ್‌ಒಎಸ್ ಮೋಡ್ ಇದ್ದು, ಕಡಿಮೆ ಬೆಳಕಿನಿಂದ ಆರಿಸಲು ಅವೆಲ್ಲವನ್ನೂ ದಾಟಿ ಹೋಗಬೇಕಾದರೆ ಆ ಟಾರ್ಚ್ ನಿತ್ಯ ಕಿರಿಕಿರಿ. ರಾತ್ರಿ ಎರಡಕ್ಕೆ ಮಲಗಿದವರ ಮುಖದ ಮೇಲೆ ಡಿಸ್ಕೋ ಲೈಟ್ ಯಾರಿಗೆ ಬೇಕು?

ಕಡಿಮೆ ಬೆಳಕಿನಲ್ಲಿ ಇಟ್ಟು ಫೋನಿನ ಕ್ಯಾಮೆರಾದಲ್ಲಿ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡಿದರೆ, ಟಾರ್ಚ್ ಬೆಳಕು ಕಡಿಮೆ ಮಾಡಲು ಎಲ್‌ಇಡಿಯನ್ನು ಆರಿಸಿ ಹಚ್ಚಿ ಮಾಡುತ್ತಿದೆ ಅಂತ ಅರ್ಥ. ಪಟ್ಟೆ ತೆಳುವಾಗಿದ್ದರೆ ಪರವಾಗಿಲ್ಲ. ಆ ಬೆಳಕಿನಲ್ಲಿ ಕೈ ಬೀಸಿದಾಗ ಬೆರಳು ತುಂಡು ತುಂಡಾಗಿ ಕಂಡರೆ ಬೇಡ. ತಿರುಗುವ ಫ್ಯಾನು, ಬೀಳುವ ನೀರು, ಓಡುವ ಪಂಪಿನ ಬೆಲ್ಟು ಎಲ್ಲವೂ ವಿಚಿತ್ರವಾಗಿ ಕಾಣುತ್ತವೆ. ಹೆಚ್ಚು ಹೊತ್ತಾದರೆ ಕಣ್ಣು ದಣಿಯುತ್ತದೆ.

ಈಗ ಬಣ್ಣ. ಬಿಳಿ ಎಲ್‌ಇಡಿ ಒಳಗೆ ನಿಜಕ್ಕೂ ಇರುವುದು ನೀಲಿ ಎಲ್‌ಇಡಿ. ಅದರ ಮೇಲೆ ಫಾಸ್ಫರ್ ಎಂಬ, ನೀಲಿ ಬೆಳಕಿಗೆ ಹಳದಿಯಾಗಿ ಹೊಳೆಯುವ ಪುಡಿಯ ಪದರ. ನೀಲಿ, ಹಳದಿ ಸೇರಿ ಬಿಳಿಯಂತೆ ಕಾಣುತ್ತದೆ. ಹೆಚ್ಚು ಹೊಳೆಯುವ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿದ್ದು. ಫಾಸ್ಫರ್ ಕಡಿಮೆ ಹಾಕಿದರೆ ಬೆಳಕು ಜಾಸ್ತಿ ಹೊರಬರುತ್ತದೆ, ಆದರೆ ನೀಲಿ ಛಾಯೆ ಉಳಿಯುತ್ತದೆ, ಕೆಂಪು ಸಾಯುತ್ತದೆ. ಅಗ್ಗದ ಟಾರ್ಚುಗಳಲ್ಲಿ ಹೆಚ್ಚಿನವು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಜಾಸ್ತಿಯಾದಷ್ಟೂ ನೀಲಿ) ಇಲ್ಲವೇ ಅದಕ್ಕೂ ಮೇಲಿನ ಇಂಥ ನೀಲಿ ಬಿಳಿ. ಅಂಗಡಿಯಲ್ಲಿ ನಿಮ್ಮ ಅಂಗೈ ಮೇಲೆ ಬೆಳಕು ಬಿಡಿ. ಅಂಗೈ ಹೆಣದ ಹಾಗೆ ಬೂದು ಬಣ್ಣಕ್ಕೆ ತಿರುಗಿದರೆ ಇನ್ನೊಂದು ಟಾರ್ಚ್ ನೋಡಿ. ರಕ್ತ ಓಡುವ ಕೆಂಪು ಛಾಯೆ ಕಂಡರೆ ಒಳ್ಳೆಯದು.

ಇದು ಬರೀ ಶೋಕಿಯ ಮಾತಲ್ಲ. ಹೊಲದ ಸ್ಟಾರ್ಟರ್ ಡಬ್ಬಿಯಲ್ಲಿ ಕೆಂಪು, ಹಳದಿ, ನೀಲಿ ಮೂರು ಫೇಸಿನ ವೈರು ಇರುತ್ತವೆ. ದೂಳು ಹಿಡಿದ ಕೆಂಪು ವೈರು ಕೆಟ್ಟ ನೀಲಿ ಬೆಳಕಿನಲ್ಲಿ ಕಂದು, ಕಪ್ಪು ಅನ್ನಿಸಬಹುದು. 4000ರಿಂದ 5000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕಿ) 90ಕ್ಕಿಂತ ಜಾಸ್ತಿ ಅಂತ ಬರೆದ ಟಾರ್ಚ್ ಸಿಕ್ಕರೆ ಲ್ಯೂಮೆನ್ ಸ್ವಲ್ಪ ಕಡಿಮೆ ಇದ್ದರೂ ಅದನ್ನೇ ತಗೊಳ್ಳಿ. ಆನ್‌ಲೈನ್‌ನಲ್ಲಿ ಕಾನ್ವಾಯ್ ಎಸ್2 ಪ್ಲಸ್, ಸೋಫಿರ್ನ್ ತರಹದ ಟಾರ್ಚ್ ಹುಡುಕುವವರು ಹುಡುಕುವುದು ಈ ಗುಣಕ್ಕೇ. ಅಲ್ಲಿ ಎಲ್‌ಇಡಿ ಯಾವುದು, ಬಣ್ಣ ಯಾವುದು ಅಂತ ಬರೆದಿರುತ್ತಾರೆ, ಆರಿಸಿಕೊಳ್ಳಬಹುದು. ಸೆಲ್, ಚಾರ್ಜರ್ ಸೇರಿದರೆ ಸಾವಿರ ದಾಟಬಹುದು, ಅದು ಬೇರೆ ಮಾತು.

ಕೊನೆಗೆ ಮೈ ನೋಡಿ. ಹಿಂದಿನ ಮುಚ್ಚಳ ಬಿಚ್ಚಿ. ತಿರುಪು ಮರಳು ಸಿಕ್ಕಿದ ಹಾಗೆ ಕರಕರ ಅನ್ನದೆ ನಯವಾಗಿ ತಿರುಗಬೇಕು. ತಿರುಪಿನ ಬುಡದಲ್ಲಿ ಕಪ್ಪು ರಬ್ಬರ್ ಉಂಗುರ ಇರಬೇಕು, ಅದಿಲ್ಲದೆ ನೀರು ತಡೆಯುವ ಮಾತೇ ಇಲ್ಲ. ಐದು ನಿಮಿಷ ಪೂರ್ತಿ ಬೆಳಕಿನಲ್ಲಿ ಹಚ್ಚಿದರೆ ಅಲ್ಯೂಮಿನಿಯಂ ಮೈ ಬೆಚ್ಚಗಾಗಬೇಕು. ಒಳಗಿನ ಶಾಖ ಹೊರಗೆ ಬರುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಕೆಲವು ಒಳ್ಳೆಯ ಟಾರ್ಚ್ ಬಿಸಿಯಾದ ಮೇಲೆ ತಾವೇ ಬೆಳಕು ಇಳಿಸಿಕೊಳ್ಳುತ್ತವೆ. ಕೆಟ್ಟಿದೆ ಅಂತ ಜಗಳ ತೆಗೆಯಬೇಡಿ.

ಹಂತ 5: ಮನೆಯಲ್ಲಿ ಮೊದಲ ರಾತ್ರಿ

ಪೂರ್ತಿ ಚಾರ್ಜ್ ಮಾಡಿ. ಮಧ್ಯಮ ಬೆಳಕಿನಲ್ಲಿ ಹಚ್ಚಿ ನೆಟ್ಟಗೆ ನಿಲ್ಲಿಸಿ, ಗಂಟೆ ಬರೆದಿಟ್ಟುಕೊಳ್ಳಿ. ಪ್ರತಿ ಗಂಟೆಗೂ ಅದೇ ಜಾಗದಿಂದ ಫೋನಿನ ಲಕ್ಸ್ ಮೀಟರ್ ಆ್ಯಪ್‌ನಲ್ಲಿ ಅಂಕಿ ನೋಡಿ. ಆ್ಯಪ್ ತೋರಿಸುವ ಲಕ್ಸ್ ಕರಾರುವಾಕ್ಕಲ್ಲ, ಆದರೆ ಎಷ್ಟು ಇಳಿಯಿತು ಅನ್ನುವುದು ಗೊತ್ತಾಗುತ್ತದೆ. ಒಳಗಿನ ಡ್ರೈವರ್ (ಕರೆಂಟ್ ನಿಯಂತ್ರಿಸುವ ಸರ್ಕ್ಯೂಟ್) ಒಳ್ಳೆಯದಿದ್ದರೆ ಬೆಳಕು ಗಂಟೆಗಟ್ಟಲೆ ಒಂದೇ ಸಮ ಇದ್ದು ಕೊನೆಗೆ ಇಳಿಯುತ್ತದೆ. ಅಗ್ಗದ್ದರಲ್ಲಿ ಸೆಲ್ ಇಳಿದಂತೆ ಬೆಳಕೂ ಇಳಿಯುತ್ತದೆ. ಅದೂ ಸರಿಯೇ, ಎಷ್ಟು ಹೊತ್ತು ಬರುತ್ತದೆ ಅಂತ ನಿಮಗೆ ಗೊತ್ತಿದ್ದರಾಯಿತು. ಮೊದಲ ಸಲ ಚಾರ್ಜ್ ಮಾಡುವಾಗ ಕಣ್ಣಳತೆಯಲ್ಲೇ ಇರಲಿ. ಹಾಸಿಗೆಯ ಮೇಲೆ ಬೇಡ, ಫರಸಿಯ ಮೇಲೆ ಇಡಿ.

ಹಂತ 6: ಹಿಡಿಯುವ ರೀತಿ

ಎಷ್ಟೇ ಒಳ್ಳೆಯ ಟಾರ್ಚ್ ಇದ್ದರೂ ಕಣ್ಣಿನ ಮಟ್ಟದಲ್ಲಿ ಹಿಡಿದರೆ ನೆಲ ಸಪಾಟಾಗಿ ಕಾಣುತ್ತದೆ. ಬೆಳಕು, ಕಣ್ಣು ಒಂದೇ ಗೆರೆಯಲ್ಲಿ ಇರುವುದರಿಂದ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗುತ್ತದೆ. ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಇಳಿಸಿ, ಬೆಳಕು ನೆಲದ ಮೇಲೆ ಓರೆಯಾಗಿ ಬೀಳಲಿ. ಕಲ್ಲು, ಗುಣಿ, ಅಡ್ಡ ಮಲಗಿದ ಹಾವು ಎಲ್ಲಕ್ಕೂ ಉದ್ದ ನೆರಳು ಬರುತ್ತದೆ, ಬೇಗ ಕಣ್ಣಿಗೆ ಬೀಳುತ್ತದೆ. ಚಳಿಗಾಲದ ಬೆಳಗಿನ ಮಂಜಿನಲ್ಲೂ ಹೀಗೇ ಹಿಡಿಯಬೇಕು. ಹಣೆಗೆ ಕಟ್ಟುವ ಟಾರ್ಚ್ ಎರಡೂ ಕೈ ಬೇಕಾದ ಕೆಲಸಕ್ಕೆ ಚೆನ್ನ, ನಡೆಯಲು ಅಷ್ಟು ಚೆನ್ನಲ್ಲ. ಹಾವಿನ ಕಣ್ಣು ಬೆಕ್ಕು, ನರಿಯ ಕಣ್ಣಿನಂತೆ ಬೆಳಕಿಗೆ ಹೊಳೆಯುವುದಿಲ್ಲ, ಹೊಳಪು ಹುಡುಕುತ್ತಾ ನಡೆಯಬೇಡಿ. ಕಟ್ಟು ಹಾವು ರಾತ್ರಿ ಮನೆಯೊಳಗೇ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಹಾಸಿಗೆ ಬಿಡಿಸುವ ಮುಂಚೆ ಒಮ್ಮೆ ಬೆಳಕು ಆಡಿಸಿ.

ನಮ್ಮ ಕಡೆಯವರಿಗೆ ಎರಡನೆಯ ಟಾರ್ಚ್ ಒಂದು ಬೇಕು ಅಂದರೆ ನಾನು ಹೇಳುವುದು ನೇರಳಾತೀತ ಟಾರ್ಚ್. ನೋಟು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುತ್ತಾರಲ್ಲ, ಆ ನೇರಳೆ ಬೆಳಕಿನದು. ಚೇಳಿನ ಹೊರಚಿಪ್ಪಿನಲ್ಲಿರುವ ರಾಸಾಯನಿಕಗಳು ಈ ಬೆಳಕಿಗೆ ಹಸಿರು ನೀಲಿಯಾಗಿ ಹೊಳೆಯುತ್ತವೆ. ಶಹಾಬಾದ್ ಕಲ್ಲಿನ ಗೋಡೆಯ ಸಂದಿನಲ್ಲಿ ಸಾದಾ ಬೆಳಕಿಗೆ ಕಲ್ಲಿನ ಬಣ್ಣದಲ್ಲೇ ಕರಗಿ ಕೂತ ಚೇಳು, ಇದನ್ನು ಬಿಟ್ಟ ಕೂಡಲೇ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಮೊದಲು ಇಡೀ ದೇಹ ಹಸಿರು, ಆಮೇಲೆ ಕೊಂಡಿ ಎತ್ತಿದ ಬಾಲ ಕಣ್ಣಿಗೆ ಬೀಳುತ್ತದೆ. 395 ನ್ಯಾನೋಮೀಟರಿನ ಅಗ್ಗದ್ದೂ ಕೆಲಸ ಮಾಡುತ್ತದೆ. 365 ಇದ್ದರೆ ನೇರಳೆ ಮಬ್ಬು ಕಡಿಮೆ, ಇನ್ನೂ ಸ್ಪಷ್ಟ. ಚಪ್ಪಲಿ, ಕಟ್ಟಿಗೆ ರಾಶಿ, ಬಚ್ಚಲ ಮೂಲೆ ಒಮ್ಮೆ ನೋಡಿಕೊಳ್ಳಿ. ಈಗಷ್ಟೇ ಪೊರೆ ಬಿಟ್ಟ ಚೇಳು ಹೊಳೆಯುವುದಿಲ್ಲ, ಅದು ನೆನಪಿರಲಿ. ಈ ಬೆಳಕನ್ನು ಯಾರ ಕಣ್ಣಿಗೂ ಬಿಡಬೇಡಿ, ಮಕ್ಕಳಿಗೆ ಆಟಕ್ಕೆ ಕೊಡಬೇಡಿ.

ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರ ಪಂಚಮಿಗೆ ಜನ ಚೇಳನ್ನು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಅದು ಅವರ ನಂಬಿಕೆ. ಮನೆಯಲ್ಲಿ ಸಿಕ್ಕ ಕೆಂಪು ಚೇಳು ಮಾತ್ರ ಹುಡುಗಾಟದ ವಸ್ತುವಲ್ಲ. ಮಕ್ಕಳ ಹೃದಯಕ್ಕೆ ಅದರ ವಿಷ ಅಪಾಯ. ಇದಕ್ಕೆ ಪ್ರಜೋಸಿನ್ ಮಾತ್ರೆಯ ಚಿಕಿತ್ಸೆಯನ್ನು ಬಳಕೆಗೆ ತಂದವರು ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್. ಚಿಕಿತ್ಸೆ ಇದೆ, ಆದರೆ ಹೊತ್ತು ಮುಖ್ಯ. ಕಚ್ಚಿದರೆ ಮಂತ್ರ ಹಾಕಿಸುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಹಂತ 7: ಬಿಸಿಲು, ದೂಳು, ರಿಪೇರಿ

ಕಲಬುರಗಿಯ ಮೇ ತಿಂಗಳು ಟಾರ್ಚಿಗೂ ಕಷ್ಟ. ಲಿಥಿಯಂ ಸೆಲ್ಲನ್ನು 45 ಡಿಗ್ರಿಗಿಂತ ಬಿಸಿ ಇರುವಾಗ ಚಾರ್ಜ್ ಮಾಡಬಾರದು. ಹೊರಗೆ 43 ಇದ್ದರೆ ತಗಡಿನ ಶೆಡ್ಡಿನೊಳಗೆ ಅದು ಸುಲಭವಾಗಿ ದಾಟುತ್ತದೆ. ಬೈಕಿನ ಡಿಕ್ಕಿಯ, ಕಾರಿನ ಡ್ಯಾಶ್‌ಬೋರ್ಡಿನ ಮಾತು ಹೇಳುವುದೇ ಬೇಡ. ಬೇಸಿಗೆಯಲ್ಲಿ ನಸುಕಿನಲ್ಲಿ ಚಾರ್ಜ್ ಮಾಡಿ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜಿನಲ್ಲಿ ತಂಪು ಜಾಗದಲ್ಲಿ ಇಡಿ. ಪೂರ್ತಿ ಚಾರ್ಜ್, ಜೊತೆಗೆ ಬಿಸಿ, ಎರಡೂ ಸೇರಿದರೆ ಸೆಲ್ ಬೇಗ ಮುದಿಯಾಗುತ್ತದೆ. ಎಎ ಸೆಲ್ ಆದರೆ ಹೊರಗೆ ತೆಗೆದೇ ಇಡಿ.

ವರ್ಷಕ್ಕೆ ಎರಡು ಸಲ ತಿರುಪನ್ನು ಒಣ ಬಟ್ಟೆಯಿಂದ ಒರೆಸಿ, ರಬ್ಬರ್ ಉಂಗುರಕ್ಕೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಎರೆ ಮಣ್ಣಿನ ದೂಳು ನುಣ್ಣಗೆ ಇರುತ್ತದೆ, ಗ್ರೀಸ್ ಜಾಸ್ತಿಯಾದರೆ ಅಲ್ಲೇ ಅಂಟಿ ಕೂರುತ್ತದೆ.

ಟಾರ್ಚ್ ಮಿಣಮಿಣ ಅಂದರೆ, ಇಲ್ಲವೇ ಹತ್ತಲೇ ಇಲ್ಲ ಅಂದರೆ, ಎಸೆಯುವ ಮುಂಚೆ ಹೀಗೆ ಮಾಡಿ. ಬಹುತೇಕ ಎಲ್‌ಇಡಿ ಕೆಟ್ಟಿರುವುದಿಲ್ಲ, ಎಲ್ಲೋ ಸಂಪರ್ಕ ತಪ್ಪಿರುತ್ತದೆ. ಸೆಲ್ ಬದಲಿಸಿ ನೋಡಿ. ಸ್ಪ್ರಿಂಗಿನ ತುದಿ, ಸೆಲ್ಲಿನ ಎರಡೂ ತುದಿ, ಮೈಯ ಕೊಳವೆಯ ಬರಿ ಅಂಚು ಒರೆಸಿ. ಕರೆಂಟ್ ಹರಿಯುವುದು ಆ ಅಂಚಿನ ಮೂಲಕವೇ. ಸಾದಾ ಸೆಲ್ ಸೋರಿ ಬಿಳಿ ಹುಡಿ ಕೂತಿದ್ದು, ಅದು ಆಲ್ಕಲೈನ್ ಸೆಲ್ ಆಗಿದ್ದರೆ, ಹತ್ತಿಗೆ ನಿಂಬೆರಸ ಇಲ್ಲವೇ ವಿನೆಗರ್ ಅದ್ದಿ ಉಜ್ಜಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಹುಡಿ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಆದರೂ ಹತ್ತದಿದ್ದರೆ ಸ್ವಿಚ್ ಮೇಲೆ ಅನುಮಾನ. ಹಿಂದಿನ ಮುಚ್ಚಳ ತೆಗೆದು, ಸೆಲ್ ಒಳಗೇ ಇರುವಾಗ, ಸಣ್ಣ ವೈರಿನ ಒಂದು ತುದಿಯನ್ನು ಕಾಣುವ ಸೆಲ್ಲಿನ ತಳಕ್ಕೆ, ಇನ್ನೊಂದನ್ನು ಕೊಳವೆಯ ಬರಿ ಅಂಚಿಗೆ ಮುಟ್ಟಿಸಿ. ಬೆಳಕು ಬಂದರೆ ಸ್ವಿಚ್ ಮಾತ್ರ ಸತ್ತಿದೆ. ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯಲ್ಲಿ ಅಂಥ ಸ್ವಿಚ್ ಹಾಕಿಸುವುದು ಹೊಸ ಟಾರ್ಚ್ ಕೊಳ್ಳುವುದಕ್ಕಿಂತ ಅಗ್ಗ. ಉಬ್ಬಿದ, ಬಿಸಿಯಾಗುವ, ಹೊದಿಕೆ ಹರಿದ ಲಿಥಿಯಂ ಸೆಲ್ಲಿಗೆ ಮಾತ್ರ ಯಾವ ರಿಪೇರಿಯೂ ಬೇಡ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದ ಜೊತೆ ಸೇರಿಸುವಂತಿಲ್ಲ.

ಅಟ್ಟದ ಮೇಲೆ ಅಜ್ಜನ ಕಾಲದ ಎರಡು, ಮೂರು ಸೆಲ್ಲಿನ ಸ್ಟೀಲ್ ಟಾರ್ಚ್ ಇದ್ದರೆ ಅದನ್ನೂ ಕೆಳಗೆ ಇಳಿಸಿ. ಅದರ ಬಲ್ಬಿನ ಬುಡ ಅಗಲ ಅಂಚಿನದಾಗಿದ್ದರೆ ಅದೇ ಅಳತೆಯ ಎಲ್‌ಇಡಿ ಬಲ್ಬ್ ಸಿಗುತ್ತದೆ. ಎರಡು ಸೆಲ್ಲಿಗೆ 3 ವೋಲ್ಟ್, ಮೂರಕ್ಕೆ 4.5 ವೋಲ್ಟಿನದು ಕೇಳಿ. ತಂತಿ ಬಲ್ಬಿಗೆ ಸೆಲ್ ಯಾವ ಕಡೆ ಹಾಕಿದರೂ ನಡೆಯುತ್ತಿತ್ತು, ಎಲ್‌ಇಡಿಗೆ ನಡೆಯುವುದಿಲ್ಲ. ಹತ್ತದಿದ್ದರೆ ಸೆಲ್ ತಿರುಗಿಸಿ ಹಾಕಿ ನೋಡಿ.